ಹಳೆಯ ಚೈನ್ ಸಾ: ಸ್ಕ್ರೂ ತಿರುಗಿಸುವ ಮೊದಲು

ಮಳೆಗಾಲ ಮುಗಿಯುತ್ತಿದ್ದ ಹಾಗೆ ನನ್ನ ಅಂಗಡಿಗೆ ಚೈನ್ ಸಾಗಳು ಸಾಲಾಗಿ ಬರುತ್ತವೆ. ಜೂನ್‌ನಲ್ಲಿ ಮೂಲೆಗೆ ಇಟ್ಟದ್ದು, ಅಕ್ಟೋಬರ್‌ನಲ್ಲಿ ಹಗ್ಗ ಎಳೆದರೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ರೇಸ್ ಕೊಟ್ಟ ಕೂಡಲೇ ನಿಲ್ಲುತ್ತದೆ.

ಹೋದ ವರ್ಷ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಹನ್ನೆರಡು ವರ್ಷ ಹಳೆಯ ಮೆಷಿನ್ ತಂದರು. "ಎಂತ ಮಾಡಿದ್ರೂ ಪಿಕಪ್ ಇಲ್ಲ ಮಾರಾಯ್ರೇ. ಸ್ಕ್ರೂ ಎಲ್ಲ ತಿರುಗಿಸಿ ನೋಡಿ ಆಯ್ತು" ಎಂದರು. ಈ ಕೊನೆಯ ಮಾತು ಕೇಳಿದರೆ ನನಗೆ ಭಯವೇ ಆಗುತ್ತದೆ. ಹತ್ತು ವರ್ಷ ಒಂದೇ ಸೆಟ್ಟಿಂಗ್‌ನಲ್ಲಿ ಚೆನ್ನಾಗಿ ಓಡಿದ ಮೆಷಿನ್‌ನಲ್ಲಿ, ಪೆಟ್ರೋಲ್ ಅಳತೆ ಹೊಂದಿಸುವ ಕಾರ್ಬೊರೇಟರ್ ಸ್ಕ್ರೂ ಯಾಕೆ ಕೆಡಬೇಕು ಹೇಳಿ? ಕೆಟ್ಟಿರುವುದು ಬೇರೆ. ಜಾಸ್ತಿ ಸಲ ರಬ್ಬರು.

ಅವರ ಮೆಷಿನ್ ಬಿಚ್ಚಿದೆ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಹೋಗುವ ಪೆಟ್ರೋಲ್ ಪೈಪು ನೋಡಲು ಚೆನ್ನಾಗಿಯೇ ಇತ್ತು. ಟ್ಯಾಂಕಿನೊಳಗೆ ಇಳಿಯುವ ಜಾಗದಲ್ಲಿ ಬೆರಳಿಂದ ಸ್ವಲ್ಪ ಬಗ್ಗಿಸಿದೆ, ಸಣ್ಣ ಸೀಳು ಬಾಯಿ ಬಿಟ್ಟಿತು. ಪೆಟ್ರೋಲ್ ಎಳೆಯಬೇಕಾದ ಪೈಪು ಗಾಳಿ ಎಳೆಯುತ್ತಿತ್ತು. ಆಮೇಲೆ ಕಾರ್ಬೊರೇಟರ್ ತೆಗೆದೆ. ಇದರಲ್ಲಿ ಬೈಕಿನ ಹಾಗೆ ಫ್ಲೋಟ್ ಇರುವುದಿಲ್ಲ. ಮೆಷಿನ್ ಅಡ್ಡ ಮಾಡಿ, ಓರೆ ಮಾಡಿ ಕೊಯ್ಯಬೇಕಲ್ವಾ, ಅದಕ್ಕೆ ಫ್ಲೋಟ್ ಬದಲು ತೆಳ್ಳನೆಯ ಡಯಾಫ್ರಂ ಇಟ್ಟಿರುತ್ತಾರೆ. ಎಂಜಿನ್ ಪೆಟ್ರೋಲ್ ಎಳೆದಾಗ ಅದು ಒಳಕ್ಕೆ ಬಾಗಿ ಚಿಕ್ಕ ಲಿವರ್ ಒತ್ತುತ್ತದೆ, ಸೂಜಿ ತೆರೆದು ಪೆಟ್ರೋಲ್ ಬರುತ್ತದೆ. ಹೊಸ ಡಯಾಫ್ರಂ ಬಟ್ಟೆಯ ಹಾಗೆ ಮೆತ್ತಗೆ. ಇವರದ್ದನ್ನು ಕಿವಿಯ ಹತ್ತಿರ ಹಿಡಿದು ಒತ್ತಿದರೆ ಒಣಗಿದ ವೀಳ್ಯದೆಲೆಯ ಹಾಗೆ ಪಟಪಟ ಎನ್ನುತ್ತಿತ್ತು. ಬಾಗದ ಡಯಾಫ್ರಂ ಸೂಜಿಯನ್ನು ಪೂರ್ತಿ ತೆರೆಯುವುದಿಲ್ಲ. ಐಡಲ್‌ಗೆ ಸಾಲುವಷ್ಟು ಪೆಟ್ರೋಲ್ ಬರುತ್ತದೆ, ರೇಸ್ ಕೊಟ್ಟಾಗ ಸಾಲುವುದಿಲ್ಲ.

ಪೈಪು, ಟ್ಯಾಂಕಿನೊಳಗಿನ ಫಿಲ್ಟರ್, ಡಯಾಫ್ರಂ ಕಿಟ್ ಹಾಕಿದೆ. ಕಾರ್ಬೊರೇಟರಿನೊಳಗೆ ಉಗುರಿನಷ್ಟು ಚಿಕ್ಕ ಜಾಲರಿ ಇರುತ್ತದೆ, ಅದನ್ನು ತೊಳೆಯಲು ಮರೆಯಬಾರದು. ಸ್ಕ್ರೂಗಳನ್ನು ಮ್ಯಾನುಯಲ್‌ನಲ್ಲಿದ್ದ ಜಾಗಕ್ಕೆ ತಂದೆ. ಮೆಷಿನ್ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು.

ಅವರ ಅದೃಷ್ಟ, ಪಿಸ್ಟನ್ ಉಳಿದಿತ್ತು. ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಎಂಜಿನ್ ಆಯಿಲ್ ಇಲ್ಲ, ಪೆಟ್ರೋಲ್ ಜೊತೆ ಬರುವ ಆಯಿಲೇ ಎಲ್ಲ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಜಾಸ್ತಿ. ಆಗ ಪೂರ್ತಿ ರೇಸ್‌ನ ಪೆಟ್ರೋಲ್ ಹೊಂದಿಸುವ ಎಚ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ಪೆಟ್ರೋಲ್ ಇನ್ನೂ ಕಡಿಮೆ ಮಾಡಿದರೆ ಎಂಜಿನ್ ಒಂದು ಕ್ಷಣ ಕಿರುಚಿಕೊಂಡು ಓಡುತ್ತದೆ. 'ಆಹಾ, ಸರಿಯಾಯ್ತು' ಅನ್ನಿಸುತ್ತದೆ. ಹಾಗೇ ನಾಲ್ಕು ಮರ ಕೊಯ್ಯುವುದರೊಳಗೆ ಪಿಸ್ಟನ್ ಜಾಮ್. ನೋಡಲು ಕಷ್ಟವೇನಿಲ್ಲ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಬಿಟ್ಟು ರಂಧ್ರದಲ್ಲಿ ಇಣುಕಿ. ಪಿಸ್ಟನ್ ಮೈ ನುಣುಪಾಗಿದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಗೀರುಗಳಿದ್ದರೆ ಸ್ಟಾರ್ಟ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಸೈಲೆನ್ಸರ್ ಕೈಯಲ್ಲಿರುವಾಗಲೇ ಅದರ ಜಾಲರಿಯನ್ನೂ ನೋಡಿ. ಮಸಿ ಕಟ್ಟಿ ಮುಚ್ಚಿಹೋಗಿದ್ದರೂ ಎಂಜಿನ್‌ಗೆ ಶಕ್ತಿ ಬರುವುದಿಲ್ಲ.

ಈಗ ಪೆಟ್ರೋಲ್ ವಿಷಯ. ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಅನೇಕ ಚೈನ್ ಸಾಗಳ ಮ್ಯಾನುಯಲ್‌ನಲ್ಲಿ 10% ಮೀರಬಾರದು ಎಂದಿದೆ. ಎಥನಾಲ್ ಹಳೆಯ ರಬ್ಬರಿಗೆ ಆಗಿ ಬರುವುದಿಲ್ಲ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ಟ್ಯಾಂಕಿನಲ್ಲೇ ಬಿಟ್ಟರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯಬಹುದು. ಫಿಲ್ಟರ್ ಎಳೆಯುವುದು ತಳದಿಂದ. ಆ ನೀರಿನಲ್ಲಿ ಆಯಿಲ್ ಇರುವುದಿಲ್ಲ! ಅನುಮಾನ ಬಂದರೆ ಟ್ಯಾಂಕಿನದ್ದನ್ನು ಗಾಜಿನ ಬಾಟಲಿಗೆ ಸುರಿದು ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದನ್ನು ಮೆಷಿನ್‌ಗೆ ವಾಪಸ್ ಹಾಕಬೇಡಿ. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸುವಾಗ, 50ಕ್ಕೆ 1 ಎಂದು ಬರೆದಿರುವ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಆದರೆ 40 ಮಿ.ಲೀ. ಕಣ್ಣಂದಾಜಿಗೆ ಹಾಕಬೇಡಿ, ಅಳತೆ ಮುಚ್ಚಳ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಓಡಿಸಿ. ಇದೊಂದು ಮಾಡಿದರೆ ಅಕ್ಟೋಬರ್‌ನಲ್ಲಿ ಅರ್ಧ ಜನ ನನ್ನ ಹತ್ತಿರ ಬರಬೇಕಾಗಿಯೇ ಇಲ್ಲ.

ಚೆನ್ನಾಗಿ ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ನಿಲ್ಲುತ್ತದೆಯಾ? ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. ಬುಸ್ ಎಂದು ಗಾಳಿ ಒಳಗೆ ಹೋಗಿ ಮತ್ತೆ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಬಿಸಿಯಾದಾಗ ಮಾತ್ರ ನಿಂತು, ಆ ಹೊತ್ತಿಗೆ ಪ್ಲಗ್‌ನಲ್ಲಿ ಕಿಡಿಯೂ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ಐಡಲ್‌ನಲ್ಲಿ ಸ್ಪೀಡು ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ, ಮೆಷಿನ್ ಓರೆ ಮಾಡಿದಾಗ ಇನ್ನೂ ಜಾಸ್ತಿಯಾದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಅಥವಾ ಕಾರ್ಬೊರೇಟರ್ ಹಿಂದಿನ ರಬ್ಬರ್ ಕಾಲರ್ ಗಾಳಿ ಬಿಡುತ್ತಿರಬಹುದು. ಇದಕ್ಕೆ ಪ್ರೆಶರ್ ಟೆಸ್ಟ್ ಬೇಕು, ಮನೆಯಲ್ಲಿ ಆಗುವ ಕೆಲಸ ಅಲ್ಲ.

ಏರ್ ಫಿಲ್ಟರ್, ಪ್ಲಗ್ ಎಲ್ಲರೂ ನೋಡುತ್ತಾರೆ, ನಾನು ಉದ್ದ ಹೇಳುವುದಿಲ್ಲ. ಪ್ಲಗ್ ತುದಿ ಕಾಫಿ ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಎಚ್ಚರ. ಗ್ಯಾಪ್ ಸಾಮಾನ್ಯವಾಗಿ 0.5 ಮಿ.ಮೀ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಲು ಸುಲಭದ ದಾರಿ ಇದೆ. ಸ್ವಿಚ್ ಆಫ್ ಮಾಡಿ ಹಗ್ಗದ ಹಿಡಿಯಲ್ಲೇ ಮೆಷಿನ್ ಎತ್ತಿ ಹಿಡಿಯಿರಿ. ತಡೆದು ತಡೆದು ಇಳಿದರೆ ಉಸಿರಿದೆ. ಸರ್ರನೆ ಇಳಿದರೆ ರಿಂಗ್ ಸವೆದಿರಬಹುದು. ಆದರೆ ಹಗ್ಗ ಸುಲಭವಾಗಿ ಎಳೆಯಲು ಒತ್ತಡ ಬಿಡುವ ಡಿಕಂಪ್ರೆಷನ್ ಬಟನ್ ಇರುವ ಮೆಷಿನ್‌ನಲ್ಲಿ ಅದು ಒತ್ತಿರಬಾರದು.

ಇನ್ನೊಂದು. 'ಎಂಜಿನ್ ಎಳೀತಾ ಇಲ್ಲ' ಎಂದು ತಂದ ಎಷ್ಟೋ ಮೆಷಿನ್‌ಗಳ ಎಂಜಿನ್ ಚೆನ್ನಾಗಿರುತ್ತದೆ, ಚೈನ್ ಮೊಂಡಾಗಿರುತ್ತದೆ. ಕೊಯ್ದಾಗ ಚಕ್ಕೆ ಬರಬೇಕು. ಹಿಟ್ಟಿನ ಹಾಗೆ ಪುಡಿ ಬಂದರೆ ಮೊದಲು ಪ್ಲಗ್ ಕ್ಯಾಪ್ ತೆಗೆದಿಟ್ಟು, ಅರ ಹಿಡಿದು ಕೂರಿ.

ಇಷ್ಟೆಲ್ಲ ಸರಿಯಾದ ಮೇಲೆ ಸ್ಕ್ರೂ. ಎಂಜಿನ್ ಬಿಸಿಯಾಗಿರಲಿ, ಫಿಲ್ಟರ್ ಶುದ್ಧವಿರಲಿ. ಮೊದಲು ಕಡಿಮೆ ಸ್ಪೀಡಿನ ಪೆಟ್ರೋಲ್ ಹೊಂದಿಸುವ ಎಲ್ ಸ್ಕ್ರೂ, ರೇಸ್ ಕೊಟ್ಟಾಗ ತಡವರಿಸದೆ ಏಳುವ ಹಾಗೆ. ಆಮೇಲೆ ಐಡಲ್ ಸ್ಕ್ರೂ, ಚೈನ್ ತಿರುಗದ ಹಾಗೆ. ಕೊನೆಗೆ ಎಚ್. ಮರಕ್ಕೆ ತಾಗಿಸದೆ ಪೂರ್ತಿ ರೇಸ್ ಕೊಟ್ಟರೆ ದನಿಯಲ್ಲಿ ಸ್ವಲ್ಪ ಗರಗರ ಇರಬೇಕು, ಮರಕ್ಕೆ ಇಟ್ಟಾಗ ಅದು ಹೋಗಿ ಒಂದೇ ಸಮ ಆಗಬೇಕು. ಮರದಲ್ಲೂ ಗರಗರ ಉಳಿದರೆ ಕೂದಲೆಳೆಯಷ್ಟು ಒಳಕ್ಕೆ. ಮರಕ್ಕೆ ಇಡುವ ಮೊದಲೇ ಕಿರುಚಿದರೆ, ತಕ್ಷಣ ಹೊರಕ್ಕೆ.