ವೆಯ್ಟ್‌ಗೆ ಕೈ ಹಾಕುವ ಮೊದಲು

"ಮೇಡಂ, ವೆಯ್ಟ್ ಎಷ್ಟಿಡಲಿ?" ಪ್ರಿಡಿಕ್ಟಿವ್ ಕಂಟ್ರೋಲ್ (ಮುಂದೇನಾದೀತೆಂದು ಊಹಿಸಿ ವೋಲ್ಟೇಜ್ ಆರಿಸುವ ವಿಧಾನ) ಹಾಕಿದ ಮೋಟರು ಗೊರಗುಟ್ಟತೊಡಗಿದರೆ ನನ್ನ ಬಳಿ ಬರುವ ಮೊದಲ ಪ್ರಶ್ನೆ ಇದೇ. ಕೋಡ್‌ನಲ್ಲಿ ಮೋಟರಿನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಅಡ್ಡಿಯೊಡ್ಡುವ ಗುಣ) ಎಷ್ಟು ಹಾಕಿದ್ದೀರಿ, ಅದನ್ನು ಅಳೆದವರು ಯಾರು ಎಂದು ತಿರುಗಿ ಕೇಳಿದರೆ ಮಾತು ನಿಲ್ಲುತ್ತದೆ.

ವೆಯ್ಟ್ ಮಾಡುವ ಕೆಲಸ ಇಷ್ಟೇ. ಮೋಟರಿಗೆ ವೋಲ್ಟೇಜ್ ಕೊಡುವ ಎರಡು ಲೆವೆಲ್‌ನ ಇನ್ವರ್ಟರ್‌ಗೆ 8 ಸ್ವಿಚಿಂಗ್ ಸ್ಥಿತಿಗಳು, ಅವುಗಳಿಂದ ಸಿಗುವ ವೋಲ್ಟೇಜ್ 7 ಬಗೆ. ಪ್ರತಿ ಸ್ಯಾಂಪಲ್‌ನಲ್ಲೂ, ಅಂದರೆ ಅಳತೆಯ ಪ್ರತಿ ಸುತ್ತಿನಲ್ಲೂ, ಕಂಟ್ರೋಲರ್ 'ಇದನ್ನು ಕೊಟ್ಟರೆ ಕರೆಂಟ್ ಎಲ್ಲಿಗೆ ಹೋದೀತು' ಎಂದು ಏಳಕ್ಕೂ ಲೆಕ್ಕ ಹಾಕುತ್ತದೆ. ಟಾರ್ಕ್‌ನ (ತಿರುಗಿಸುವ ಬಲದ) ತಪ್ಪನ್ನೂ ಫ್ಲಕ್ಸ್‌ನ (ಕಾಂತೀಯ ಹರಿವಿನ) ತಪ್ಪನ್ನೂ ಕೂಡಿಸಿ, ಮೊತ್ತ ಕಡಿಮೆ ಇರುವುದನ್ನು ಆರಿಸುತ್ತದೆ. ವೆಯ್ಟ್, ಅಂದರೆ ಒಂದು ತಪ್ಪಿಗೆ ಇನ್ನೊಂದರೆದುರು ಕೊಡುವ ತೂಕ, ಬರುವುದು ಆ ಕೂಡಿಸುವ ಹೊತ್ತಿಗೆ. ಅಷ್ಟರಲ್ಲಿ ಊಹೆಗಳೆಲ್ಲ ಮುಗಿದಿರುತ್ತವೆ. ಏಳು ಊಹೆಗಳೂ ತಪ್ಪಾಗಿದ್ದರೆ, ವೆಯ್ಟ್ ಬದಲಿಸಿ ನೀವು ಪಡೆಯುವುದು ಒಂದು ತಪ್ಪು ಊಹೆಯ ಬದಲು ಇನ್ನೊಂದು ತಪ್ಪು ಊಹೆ. ಒಮ್ಮೊಮ್ಮೆ ಸದ್ದು ಕಡಿಮೆಯಾಗುತ್ತದೆ, ನಿಜ. ಲೋಡ್ ಬದಲಾದ ಕೂಡಲೇ ಅದು ಮರಳಿ ಬರುತ್ತದೆ.

ಒಬ್ಬ ಹುಡುಗ ನಲವತ್ತು ವೆಯ್ಟ್‌ಗಳ ಪಟ್ಟಿ ಹಿಡಿದು ಬಂದಿದ್ದ. ಪ್ರತಿಯೊಂದಕ್ಕೂ ಟಾರ್ಕ್ ರಿಪಲ್ (ಟಾರ್ಕ್‌ನ ಏರಿಳಿತ) ಅಳೆದು, ಅಂದವಾಗಿ ಗ್ರಾಫ್ ಬಿಡಿಸಿದ್ದ. ಅಷ್ಟು ಶ್ರದ್ಧೆಯ ಮೇಲೆ ನೀರೆರಚಲು ನನಗೆ ಮನಸ್ಸಾಗಲಿಲ್ಲ. "ಈ ಸ್ಯಾಂಪಲ್‌ನಲ್ಲಿ ಆರಿಸಿದ ವೋಲ್ಟೇಜ್ ಮೋಟರಿಗೆ ಸಿಗುವುದು ಯಾವಾಗ?" ಎಂದು ಮಾತ್ರ ಕೇಳಿದೆ. ಮುಂದಿನ ಸ್ಯಾಂಪಲ್‌ನಲ್ಲಿ! ಅವನ ಕೋಡ್ ಮಾತ್ರ ಈಗಲೇ ಸಿಕ್ಕಿತೆಂದು ನಂಬಿತ್ತು. 50 ಮೈಕ್ರೊಸೆಕೆಂಡ್ ತಡವೆಂದರೆ 200 ಹರ್ಟ್ಸ್‌ನಲ್ಲಿ 3.6 ಡಿಗ್ರಿ. ಆ ತಡದಲ್ಲೇ ಕರೆಂಟ್ ಗುರಿ ದಾಟಿ ಹೋಗಿರುತ್ತದೆ. ಹಿಂದಿನ ಬಾರಿ ಆರಿಸಿದ ವೋಲ್ಟೇಜ್ ಯಾವುದೆಂದು ಗೊತ್ತೇ ಇದೆಯಲ್ಲ. ಅದರಿಂದ ಒಂದು ಹೆಜ್ಜೆ ಮುಂದಕ್ಕೆ ಲೆಕ್ಕ ಹಾಕಿ, ಅಲ್ಲಿಂದ ಏಳು ಊಹೆ ಶುರುಮಾಡಬೇಕು. ಅಷ್ಟು ಸೇರಿಸಿದ ಮೇಲೆ ಅವನ ಪಟ್ಟಿಯ ಬಹುಪಾಲು ವೆಯ್ಟ್‌ಗಳಲ್ಲಿ ಮೋಟರು ಚೆನ್ನಾಗಿಯೇ ಓಡಿತು.

ಆದ್ದರಿಂದ ನನ್ನ ಕೋರಿಕೆ ಒಂದೇ. ಊಹಿಸಿದ ಕರೆಂಟನ್ನೂ, ಅದೇ ಕ್ಷಣಕ್ಕೆ ಅಳೆದ ಕರೆಂಟನ್ನೂ ಒಟ್ಟಿಗೆ ದಾಖಲಿಸಿ, ವ್ಯತ್ಯಾಸ ನೋಡಿ. ಕಾಯಂ ಮ್ಯಾಗ್ನೆಟ್ ಮೋಟರಿನಲ್ಲಿ ಆ ವ್ಯತ್ಯಾಸ ಬಹಳಷ್ಟು ಹೇಳುತ್ತದೆ. ಕರೆಂಟ್ ಹೆಚ್ಚಿದಂತೆ ಹೆಚ್ಚಿದರೆ ರೆಸಿಸ್ಟೆನ್ಸ್ ಕಡೆ ನೋಡಿ, ವೇಗದ ಜೊತೆ ಬೆಳೆದರೆ ಮ್ಯಾಗ್ನೆಟ್ ಫ್ಲಕ್ಸ್ ಕಡೆ. ಕರೆಂಟ್ ಚುರುಕಾಗಿ ಏರಿಳಿಯುವಾಗ ಕಾಣಿಸಿಕೊಂಡರೆ ಇಂಡಕ್ಟೆನ್ಸ್. ಕರೆಂಟಿನ ದಿಕ್ಕು ತಿರುಗಿದಾಗಲೆಲ್ಲ ತಾನೂ ತಿರುಗಿದರೆ ಡೆಡ್ ಟೈಮ್, ಅಂದರೆ ಇನ್ವರ್ಟರ್‌ನ ಒಂದು ಸ್ವಿಚ್ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವಿನ ಬಿಡುವು. ಸಾಮಾನ್ಯವಾಗಿ ಹೀಗೆ, ಎರಡು ಮೂರು ತಪ್ಪು ಬೆರೆತಿದ್ದರೆ ಬಿಡಿಸಲು ತಾಳ್ಮೆ ಬೇಕು.

ಇವುಗಳಲ್ಲಿ ನಾನು ಹೆಚ್ಚು ಹೆದರುವುದು ಇಂಡಕ್ಟೆನ್ಸ್‌ಗೆ. ಡೆಡ್‌ಬೀಟ್ ವಿಧಾನದಲ್ಲಿ (ಒಂದೇ ಹೆಜ್ಜೆಯಲ್ಲಿ ಗುರಿ ಮುಟ್ಟಿಸುವ ವೋಲ್ಟೇಜನ್ನು ಲೆಕ್ಕ ಹಾಕುವುದು) ಕೋಡ್‌ನಲ್ಲಿರುವ ಇಂಡಕ್ಟೆನ್ಸ್ ನಿಜವಾದದ್ದರ ಎರಡು ಪಟ್ಟು ದಾಟಿದರೆ ತಪ್ಪು ಪ್ರತಿ ಹೆಜ್ಜೆಗೂ ದೊಡ್ಡದಾಗುತ್ತ ಹೋಗುತ್ತದೆ. ಎರಡು ಪಟ್ಟು ಯಾರು ತಪ್ಪುತ್ತಾರೆ ಎನ್ನಬೇಡಿ. ಭಾರಿ ಕರೆಂಟಿನಲ್ಲಿ ಕಬ್ಬಿಣ ಸ್ಯಾಚುರೇಟ್ ಆದಾಗ (ಇನ್ನಷ್ಟು ಫ್ಲಕ್ಸ್ ಹಿಡಿಸದಾದಾಗ) ಇಂಡಕ್ಟೆನ್ಸ್ ತಾನಾಗಿಯೇ ಕುಸಿಯುತ್ತದೆ. ಸಣ್ಣ ಕರೆಂಟಿನಲ್ಲಿ ಅಳೆದ ಒಂದೇ ಅಂಕಿ ಅಲ್ಲಿ ನೆರವಿಗೆ ಬಾರದು.

ಊಹೆ ಸರಿಯಾದ ಮೇಲೆ ವೆಯ್ಟ್ ಕಷ್ಟವಲ್ಲ. ಟಾರ್ಕ್, ಫ್ಲಕ್ಸ್ ಎರಡರ ತಪ್ಪನ್ನೂ ವರ್ಗ ಮಾಡದೆ ಕೂಡಿಸುವುದಾದರೆ, ರೇಟೆಡ್ ಟಾರ್ಕನ್ನು ರೇಟೆಡ್ ಫ್ಲಕ್ಸ್‌ನಿಂದ ಭಾಗಿಸಿ, ಬಂದದ್ದನ್ನು ಫ್ಲಕ್ಸ್‌ನ ತಪ್ಪಿಗೆ ವೆಯ್ಟ್ ಆಗಿ ಹಾಕಿ. 20 ನ್ಯೂಟನ್ ಮೀಟರ್, 0.8 ವೆಬರ್ ಇದ್ದರೆ 25. ವರ್ಗ ಮಾಡಿದ್ದರೆ ಆ 25ನ್ನೂ ವರ್ಗ ಮಾಡಬೇಕು. ಅಲ್ಲಿಂದ ಆಚೀಚೆ ಸ್ವಲ್ಪ ಸರಿಸಿದರೆ ಬಹಳ ಮೋಟರುಗಳಿಗೆ ಸಾಕಾಗುತ್ತದೆ.

ಇಷ್ಟಾದ ಮೇಲೂ ತಣ್ಣಗಿರುವ ಮೋಟರನ್ನು ನಂಬಿ ಮನೆಗೆ ಹೋಗಬೇಡಿ. 20 ಡಿಗ್ರಿಯಿಂದ 120ಕ್ಕೆ ಏರುವಷ್ಟರಲ್ಲಿ ತಾಮ್ರದ ರೆಸಿಸ್ಟೆನ್ಸ್ ಸುಮಾರು ಶೇ. 39 ಹೆಚ್ಚುತ್ತದೆ, ಮ್ಯಾಗ್ನೆಟ್ ಫ್ಲಕ್ಸ್ ಇಳಿಯುತ್ತದೆ. ಪೂರ್ಣ ಲೋಡ್‌ನಲ್ಲಿ ಓಡಿಸಿ, ಮೈ ಬಿಸಿಯಾದ ಮೇಲೆ ಅದೇ ವ್ಯತ್ಯಾಸವನ್ನು ಮತ್ತೊಮ್ಮೆ ದಾಖಲಿಸಿ, ಆಮೇಲೆ ನನಗೆ ಫೋನ್ ಮಾಡಿ.