ಉಳಿದದ್ದು ಹೆಸರೊಂದೇ: ಟೀನಾ ಟರ್ನರ್ ಮರಳಿ ಬಂದ ದಾರಿ

1984ರ ಮೇ ತಿಂಗಳಲ್ಲಿ ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಂ ಬಂದಾಗ ಅಮೆರಿಕದ ಗಾಯಕಿ ಟೀನಾ ಟರ್ನರ್‌ಗೆ 44 ವರ್ಷ. ಪಾಪ್ ಲೋಕದ ಲೆಕ್ಕದಲ್ಲಿ ಅದು ಹಾಡು ಮುಗಿಸಿ ಮನೆಗೆ ಹೋಗುವ ವಯಸ್ಸು. ಎಲ್ಲರೂ ಇದನ್ನು ‘ಕಮ್‌ಬ್ಯಾಕ್’ ಎಂದರು. ಆಕೆ ಮಾತ್ರ ಆ ಪದವನ್ನು ಒಪ್ಪಲಿಲ್ಲ. ಟೀನಾ ಅದುವರೆಗೆ ಬಂದೇ ಇರಲಿಲ್ಲ, ಇದು ಮೊದಲ ಪ್ರವೇಶ ಎನ್ನುತ್ತಿದ್ದಳು. ಹಿಂದಿನ ಕಥೆ ಗೊತ್ತಿದ್ದವರಿಗೆ ಆ ಮಾತೇ ಸರಿ ಅನ್ನಿಸುತ್ತದೆ.

ಆ ಹೆಸರೇ ಆಕೆಯದಾಗಿರಲಿಲ್ಲ. ಟೆನೆಸಿಯ ನಟ್‌ಬುಷ್ ಎಂಬ ಹತ್ತಿ ಬೆಳೆಯುವ ಪುಟ್ಟ ಊರಿನ ಹುಡುಗಿ ಆನಾ ಮೇ ಬುಲಕ್. 1960ರಲ್ಲಿ ಅವಳಿಗೆ ‘ಟೀನಾ ಟರ್ನರ್’ ಎಂದು ಹೆಸರಿಟ್ಟವನು ಬ್ಯಾಂಡಿನ ಯಜಮಾನ ಐಕ್ ಟರ್ನರ್. ಇವಳು ಬಿಟ್ಟುಹೋದರೆ ಇನ್ನೊಬ್ಬಳನ್ನು ಅದೇ ಹೆಸರಿನಲ್ಲಿ ನಿಲ್ಲಿಸುವ ಯೋಚನೆಯಿಂದ ಅದನ್ನು ತನ್ನದೆಂದು ನೋಂದಾಯಿಸಿಕೊಂಡಿದ್ದ. ಆಮೇಲೆ ಮದುವೆ, ವರ್ಷಗಟ್ಟಲೆ ಹೊಡೆತ. 1976ರ ಜುಲೈನಲ್ಲಿ ಡಲ್ಲಾಸ್‌ನ ಹೋಟೆಲಿನಿಂದ ಆಕೆ ಓಡಿಹೋದಾಗ ಕೈಯಲ್ಲಿದ್ದದ್ದು 36 ಸೆಂಟ್. 1978ರ ವಿಚ್ಛೇದನದಲ್ಲಿ ಹಣ, ಹಾಡುಗಳ ಪ್ರಕಟಣೆಯ ಹಕ್ಕು ಸೇರಿ ಬಹುತೇಕ ಎಲ್ಲವನ್ನೂ ಬಿಟ್ಟುಕೊಟ್ಟಳು. ಹೆಸರನ್ನು ಮಾತ್ರ ಬಿಡಲಿಲ್ಲ.

ಹೆಸರು ಹೊಟ್ಟೆ ತುಂಬಿಸಲಿಲ್ಲ. ರದ್ದಾದ ಕಾರ್ಯಕ್ರಮಗಳ ಸಾಲ ತಲೆಯ ಮೇಲಿತ್ತು. ಬಡವರಿಗೆ ಸರ್ಕಾರ ಕೊಡುವ ಆಹಾರದ ಕೂಪನ್ನು, ಅಂದರೆ ಫುಡ್ ಸ್ಟ್ಯಾಂಪ್‌ಗಳಲ್ಲಿ ಮನೆ ನಡೆಯಿತು. ಎರಡು ಸೋಲೋ ಆಲ್ಬಂ ಬಂದವು, ಯಾರೂ ಕೇಳಲಿಲ್ಲ. ಹೋಟೆಲುಗಳಲ್ಲಿ, ಲಾಸ್ ವೇಗಸ್‌ನ ವೇದಿಕೆಗಳಲ್ಲಿ ಹಾಡಿ ಸಾಲ ತೀರಿಸಿದಳು. ಅಷ್ಟು ದೊಡ್ಡ ದನಿ ಊಟಕ್ಕೆ ಕೂತವರ ಮುಂದೆ ಹಾಡುತ್ತಿತ್ತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಾಗಿಲು ತೆರೆದದ್ದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನಲ್ಲಿ. ಆಸ್ಟ್ರೇಲಿಯಾದ ರೋಜರ್ ಡೇವಿಸ್ ಮ್ಯಾನೇಜರ್ ಆಗಿ ಬಂದ ಮೇಲೆ ಹಳೆಯ ಕ್ಯಾಬರೆ ವೇಷ ಹೋಯಿತು, ರಾಕ್ ಬಂತು. ಸಿಂಥಸೈಸರ್ ಕಾಲದ ಬ್ರಿಟಿಷ್ ಸಂಗೀತಗಾರ ಮಾರ್ಟಿನ್ ವೇರ್ ಆಕೆಯಿಂದ ಅಮೆರಿಕದ ಗಾಯಕ ಆಲ್ ಗ್ರೀನ್‌ನ ‘ಲೆಟ್ಸ್ ಸ್ಟೇ ಟುಗೆದರ್’ ಹಾಡಿಸಿದ. 1983ರ ಕೊನೆಗೆ ಅದು ಬ್ರಿಟನ್ನಿನಲ್ಲಿ 6ನೇ ಸ್ಥಾನಕ್ಕೇರಿತು. ಅಲ್ಲಿಯವರೆಗೆ ಆಸಕ್ತಿ ತೋರದಿದ್ದ ಕ್ಯಾಪಿಟಲ್ ರೆಕಾರ್ಡ್ ಕಂಪನಿಗೆ ಈಗ ತಕ್ಷಣ ಪೂರ್ತಿ ಆಲ್ಬಂ ಬೇಕಾಯಿತು.

ಆ ಅವಸರವೇ ಆಲ್ಬಂನ ಗುಣವಾಯಿತು ಎಂಬುದು ನನ್ನ ನಂಬಿಕೆ. ಕೆಲವೇ ವಾರಗಳಲ್ಲಿ ಲಂಡನ್ನಿನಲ್ಲಿ ಹಲವು ನಿರ್ಮಾಪಕರು ಹಂಚಿಕೊಂಡು ಕೆಲಸ ಮುಗಿಸಿದರು. ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಮಾರ್ಕ್ ನಾಫ್ಲರ್ ತನ್ನ ಬ್ಯಾಂಡಿಗೆಂದು ಬರೆದಿದ್ದ ಹಾಡನ್ನು ಗಂಡಸಿನ ಬಾಯಲ್ಲಿ ಹೊಂದುವುದಿಲ್ಲವೆಂದು ಬದಿಗಿಟ್ಟಿದ್ದ. ಅದೇ ಶೀರ್ಷಿಕೆ ಗೀತೆಯಾಯಿತು. ಗಿಟಾರ್ ಜೆಫ್ ಬೆಕ್‌ನದು. ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಆಕೆಗೆ ಮೊದಲು ಹಿಡಿಸಿಯೇ ಇರಲಿಲ್ಲ. ಹಾಡು ಬರೆದವರಲ್ಲೊಬ್ಬನಾದ ಟೆರ್ರಿ ಬ್ರಿಟನ್ ಅದನ್ನು ಆಕೆಗೆ ಒಗ್ಗುವಂತೆ ಮಾರ್ಪಡಿಸಿದ. ಯಂತ್ರದ ತಣ್ಣನೆಯ ನಾದ, ಅದರ ಮೇಲೆ ಒರಟು ಕಂಠ. ಪ್ರೀತಿಗೆ ಇಲ್ಲೇನು ಕೆಲಸ ಎಂದು ಅವಳು ಕೇಳಿದಾಗ ಅದು ಬರೀ ಹಾಡಾಗಿ ಕೇಳಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಅದು ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಗ್ರ್ಯಾಮಿಯಲ್ಲಿ ‘ರೆಕಾರ್ಡ್ ಆಫ್ ದಿ ಇಯರ್’ ಕೂಡ ಅದಕ್ಕೇ.

1991ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಐಕ್ ಜೊತೆ ಜೋಡಿಯಾಗಿ ಸೇರಿಸಿಕೊಂಡರು. ಒಬ್ಬಳೇ ಗಾಯಕಿಯಾಗಿ ಆಕೆಯ ಹೆಸರು ಅಲ್ಲಿ ಸೇರಿದ್ದು 2021ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮೊದಲು.