ಕೊನೆಯ ಪುಟದ ಪೆನ್ಸಿಲ್ ಬರಹ

ಮುಂಬಯಿಯ ಹಳೆಯ ಕನ್ನಡ ಸಂಘವೊಂದರ ಗ್ರಂಥಾಲಯದಿಂದ ತಂದ ಐತಿಹಾಸಿಕ ಕಾದಂಬರಿಯದು. ರಟ್ಟು ಹರಿದು, ಮೊದಲ ಹಾಳೆಗಳು ಉದುರಿ, ಬರೆದವರ ಹೆಸರೂ ಉಳಿದಿರಲಿಲ್ಲ. ಕೊನೆಯ ಪುಟದಲ್ಲಿ ರಾಜಕುಮಾರಿ ಬಾವಿಗೆ ಹಾರುತ್ತಾಳೆ. ಅವಳು ಒಲಿದಿದ್ದ ಕುದುರೆ ಲಾಯದ ಹುಡುಗನ ತಲೆ ಅಷ್ಟರಲ್ಲಾಗಲೇ ಕೋಟೆ ಬಾಗಿಲಿಗೇರಿದೆ. 'ಮುಗಿಯಿತು' ಎಂದು ಅಚ್ಚಾದ ಪದದ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ 'ಯಾಕೆ ಕೊಂದಿರಿ?' ಎಂದು ಬರೆದಿದ್ದರು. ಅದರ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೊಂದು ಕೈ: 'ಚರಿತ್ರೆ ಇರುವುದೇ ಹಾಗೆ.' ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಮೂರನೆಯವರು ಕೇಳಿದ್ದರು: 'ಯಾವ ಚರಿತ್ರೆ?'

ಆ ಮೂರನೆಯ ಓದುಗರು ಯಾರೋ ಗೊತ್ತಿಲ್ಲ. ಅವರ ಪ್ರಶ್ನೆಯನ್ನು ಹೊತ್ತುಕೊಂಡೇ ಕೆಲವು ತಿಂಗಳು ಓದಿದೆ. ಜಾತಿ, ಮತ, ಅಂತಸ್ತು ಅಡ್ಡ ಬಂದ ಪ್ರೇಮಿಗಳು ಐತಿಹಾಸಿಕ ಕಥೆಯಲ್ಲಿ ಸಾಯಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅವರನ್ನು ಬದುಕಿಸಿದ ಲೇಖಕ ಸುಳ್ಳುಗಾರನಂತೆಯೂ ಕೊಂದವನು ಸತ್ಯವಂತನಂತೆಯೂ ಕಾಣುತ್ತಾನೆ. ಈ ನಂಬಿಕೆಗೆ ವಯಸ್ಸು ತೀರಾ ಕಡಿಮೆ.

ನಮ್ಮ ಹಿಂದಿನವರ ರೂಢಿ ಇದಕ್ಕೆ ತದ್ವಿರುದ್ಧ. ಸಂಸ್ಕೃತ ನಾಟಕದಲ್ಲಿ ದುಷ್ಯಂತ ಶಕುಂತಲೆಯನ್ನು ಎಷ್ಟೇ ಮರೆತರೂ ಕೊನೆಯ ಅಂಕದಲ್ಲಿ ಅವಳನ್ನು ಸೇರಲೇಬೇಕು. ಯಕ್ಷಗಾನದಲ್ಲಿ ಎಷ್ಟು ರಾಕ್ಷಸರು ಸತ್ತರೂ ಮಂಗಳ ಹಾಡದೆ ಆಟ ಮುಗಿಯದು. ಕೊನೆಯ ಲೋಕಲ್ ಹಿಡಿಯಬೇಕಾದ ಈ ಊರಿನಲ್ಲಿ ರಾತ್ರಿಯಿಡೀ ನಡೆಯಬೇಕಾದ ಆಟ ಮೂರು ಗಂಟೆಗೆ ಇಳಿದಿದೆ. ಮಂಗಳವನ್ನು ಮಾತ್ರ ಯಾರೂ ಕತ್ತರಿಸಿಲ್ಲ.

ಎರಡಕ್ಕೂ ಸೇರದೆ ನಿಂತ ಹಳೆಯ ಉದಾಹರಣೆಯೊಂದು ನಮ್ಮ ನೆಲದ ನಂಟಿನದೇ. ಕಾಶ್ಮೀರದಿಂದ ಹೊರಟು ಊರೂರು ಅಲೆದು, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ, ಅವನ ರಾಜಧಾನಿ ಕಲ್ಯಾಣದಲ್ಲಿ ವಿದ್ಯಾಪತಿ ಎನಿಸಿಕೊಂಡ ಬಿಲ್ಹಣನ ಹೆಸರಿನಲ್ಲಿ 'ಚೌರಪಂಚಾಶಿಕಾ' ಎಂಬ ಐವತ್ತು ಪದ್ಯಗಳಿವೆ. ರಾಜಕುಮಾರಿಗೆ ಪಾಠ ಹೇಳಲು ಬಂದ ಕವಿ ಅವಳಿಗೇ ಮನಸೋತ, ಸಿಕ್ಕಿಬಿದ್ದ, ವಧಾಸ್ಥಾನಕ್ಕೆ ನಡೆಯುತ್ತ ಒಂದೊಂದೇ ಪದ್ಯ ಹೇಳಿದ ಎಂಬುದು ಅವುಗಳ ಸುತ್ತ ಬೆಳೆದ ಕಥೆ. ಪ್ರತಿ ಪದ್ಯವೂ 'ಅದ್ಯಾಪಿ', ಅಂದರೆ 'ಇಂದಿಗೂ', ಎಂದೇ ಶುರುವಾಗುತ್ತದೆ. ಕೆಲವು ಪರಂಪರೆಗಳು ರಾಜನ ಮನಸ್ಸು ಕರಗಿಸಿ ಮಗಳನ್ನು ಧಾರೆಯೆರೆಸಿಬಿಟ್ಟಿವೆ. ಪದ್ಯಗಳು ಮಾತ್ರ ಆ ವಿಷಯ ಎತ್ತುವುದೇ ಇಲ್ಲ. ಐವತ್ತನೆಯದು ಮುಗಿದಾಗ ಕತ್ತಿ ಎಲ್ಲಿತ್ತು ಎಂದು ಕವಿ ಹೇಳಿಲ್ಲ. ಮದುವೆಯ ಕೊನೆಯನ್ನು ಹೊಲಿದು ಸೇರಿಸಿದವರು, ತಾಳಲಾರದೆ, ಓದುಗರೇ.

ತಾಳಲಾರದವರು ಹತ್ತೊಂಬತ್ತನೆಯ ಶತಮಾನದಲ್ಲೂ ಇದ್ದರು. ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯಟ್' ಕನ್ನಡಕ್ಕೆ ಮೊದಮೊದಲು ಬಂದ ವೇಷಗಳಲ್ಲೊಂದು ಆನಂದರಾಯರ 'ರಾಮವರ್ಮ ಲೀಲಾವತಿ' (1889). ಅದರಲ್ಲಿ ಸತ್ತ ಪ್ರೇಮಿಗಳನ್ನು ದೇವರೇ ಎಬ್ಬಿಸುತ್ತಾನೆ. ಕಾಲೇಜಿನಲ್ಲಿ ಇದನ್ನು ಕೇಳಿದಾಗ ನಮ್ಮವರಿಗೆ ದುರಂತ ಅರ್ಥವಾಗಿರಲಿಲ್ಲವಲ್ಲ ಎಂದು ನಾಚಿಕೆಪಟ್ಟಿದ್ದೆ. ಆ ನಾಚಿಕೆಗೆ ಕಾರಣವಿರಲಿಲ್ಲ ಎಂದು ತಿಳಿದದ್ದು ತಡವಾಗಿ. ಶೇಕ್ಸ್‌ಪಿಯರನ ನಾಡಿನವರೇ 1660ರ ದಶಕದ ಲಂಡನ್ನಿನಲ್ಲಿ ಜೇಮ್ಸ್ ಹವರ್ಡ್ ತಿದ್ದಿದ ಪಾಠವನ್ನು ಆಡುತ್ತಿದ್ದರು. ಅದರಲ್ಲಿ ಇಬ್ಬರೂ ಬದುಕುಳಿಯುತ್ತಾರೆ. ಒಂದು ದಿನ ದುಃಖಾಂತ, ಮರುದಿನ ಸುಖಾಂತ ಎಂದು ಸರದಿಯಲ್ಲಿ ಆಡಿದರೆಂಬುದಕ್ಕೆ ಆ ಕಾಲದ ರಂಗಭೂಮಿಯವನೊಬ್ಬನ ದಾಖಲೆ ಇದೆ. ಯಾವ ದಿನ ಬರಬೇಕೆಂಬುದು ಪ್ರೇಕ್ಷಕನ ಆಯ್ಕೆ.

ಕನ್ನಡದಲ್ಲಿ ಸಾವಿಗೆ ಗೌರವ ತಂದುಕೊಟ್ಟವರು ಬಿ.ಎಂ.ಶ್ರೀಕಂಠಯ್ಯನವರು. ಗ್ರೀಕ್ ರುದ್ರನಾಟಕದ ರುಚಿ ಕಂಡಿದ್ದ ಅವರು 1926ರಲ್ಲಿ 'ಗದಾಯುದ್ಧ ನಾಟಕಂ' ಕಟ್ಟಿದರು. ಅವರು ಮಾಡಿದ ಕೆಲಸವನ್ನು ಗಮನಿಸಬೇಕು. ಬಳಸಿದ್ದು ರನ್ನನ ಪದ್ಯಗಳನ್ನೇ. ರನ್ನ ಭೀಮನಿಗೆ ಪಟ್ಟ ಕಟ್ಟಿ ಮುಗಿಸಿದ್ದ ಕಥೆಯಲ್ಲಿ ಇವರು ದುರ್ಯೋಧನನ ಪತನವನ್ನೇ ಹೃದಯವಾಗಿಸಿದರು. ಅದೇ ಮಾತು, ಅದೇ ಯುದ್ಧ, ಕತ್ತರಿ ಬಿದ್ದ ಜಾಗ ಬೇರೆ, ವಿಜಯಕಾವ್ಯ ರುದ್ರನಾಟಕವಾಯಿತು. ನನ್ನ ಪೆನ್ಸಿಲ್ ಓದುಗರ ಪ್ರಶ್ನೆಗೆ ಅರ್ಧ ಉತ್ತರ ನನಗೆ ಸಿಕ್ಕಿದ್ದು ಇಲ್ಲೇ. ಕಥೆ ಸುಖವೋ ದುಃಖವೋ ಎಂಬುದು ನಡೆದ ಸಂಗತಿಗಿಂತ ಹೆಚ್ಚಾಗಿ ಬರೆದವನು ಎಲ್ಲಿ ನಿಲ್ಲಿಸಿದ ಎಂಬುದರ ಮೇಲೆ ನಿಂತಿದೆ.

ಐತಿಹಾಸಿಕ ಕಾದಂಬರಿಯ ಕೊನೆ ಬೇರೆ ದಾರಿಯಿಂದ ಬಂತು. ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ಗಳಗನಾಥರೂ ಬಂಗಾಳಿಯ ಬಂಕಿಮಚಂದ್ರರನ್ನು ಬಿ.ವೆಂಕಟಾಚಾರ್ಯರೂ ಕನ್ನಡಕ್ಕೆ ತಂದರು. ಬಂಕಿಮರ 'ದುರ್ಗೇಶನಂದಿನಿ'ಯಲ್ಲಿ (1865) ರಜಪೂತ ಜಗತ್‌ಸಿಂಹನನ್ನು ಇಬ್ಬರು ಪ್ರೀತಿಸುತ್ತಾರೆ. ಹಿಂದೂ ತಿಲೋತ್ತಮೆಗೆ ಮದುವೆ. ಗಾಯಗೊಂಡು ಸೆರೆಸಿಕ್ಕವನನ್ನು ಆರೈಕೆ ಮಾಡಿದ, ನವಾಬನ ಮಗಳು ಆಯೇಷಾಗೆ ತ್ಯಾಗ. ಮದುಮಗಳಿಗೆ ಒಡವೆ ತೊಡಿಸಿ ಮನೆಗೆ ಮರಳಿ, ಕಿಟಕಿಯ ಬಳಿ ಕೂತು, ವಿಷದ ಉಂಗುರವನ್ನು ನೋಡುತ್ತ ನೋಡುತ್ತ ಕೊನೆಗೆ ಅದನ್ನು ಕಂದಕದ ನೀರಿಗೆ ಎಸೆಯುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಮರೆಯಲಾಗದ್ದು ಆ ಕೈ. ಮುಂದೆ ನಮ್ಮ ಎಷ್ಟೋ ಕಾದಂಬರಿಗಳು ಈ ಅಚ್ಚಿನಲ್ಲೇ ಎರಕಗೊಂಡವು: ಒಪ್ಪಿತವಾದ ಪ್ರೇಮಕ್ಕೆ ಹಸೆಮಣೆ, ಒಪ್ಪಿತವಲ್ಲದ್ದಕ್ಕೆ ಹಿರಿಮೆ. ಹಿರಿಮೆ ಕೊಟ್ಟದ್ದರಿಂದ ಅನ್ಯಾಯ ಮಾಡಿದೆವೆಂದು ಯಾರಿಗೂ ಅನಿಸಲಿಲ್ಲ.

ಅದೇ ಕಾಲದಲ್ಲಿ ಸಾಮಾಜಿಕ ಕಾದಂಬರಿ ಬರೆದವರಿಗೆ ಹೆಚ್ಚು ಧೈರ್ಯವಿತ್ತು. ಮಂಗಳೂರಿನ ಗುಲ್ವಾಡಿ ವೆಂಕಟರಾಯರು 1899ರ 'ಇಂದಿರಾಬಾಯಿ'ಯಲ್ಲಿ ಬಾಲವಿಧವೆಗೆ ಮರುಮದುವೆ ಮಾಡಿಸಿ, ಪುಸ್ತಕಕ್ಕೆ 'ಸದ್ಧರ್ಮವಿಜಯ' ಎಂಬ ಇನ್ನೊಂದು ಹೆಸರನ್ನೂ ಇಟ್ಟರು. ಅವರ ಪಾಲಿಗೆ ಸುಖಾಂತವೇ ವಾದ. ಹೀಗೂ ಬದುಕಬಹುದು, ಆಕಾಶ ಕಳಚಿ ಬೀಳುವುದಿಲ್ಲ ಎಂದು ತೋರಿಸಬೇಕಿತ್ತು, ತೋರಿಸಿದರು. ವರ್ತಮಾನದ ಬಗ್ಗೆ ಬರೆಯುವಾಗ ಇದ್ದ ಈ ಎದೆಗಾರಿಕೆ ಗತಕಾಲಕ್ಕೆ ಹೋದೊಡನೆ ನಮ್ಮವರಲ್ಲಿ ಯಾಕೆ ಕುಂದುತ್ತದೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಮುಂಬಯಿ ಸೆಂಟ್ರಲ್ ಹತ್ತಿರದ ಮರಾಠಾ ಮಂದಿರದಲ್ಲಿ 1960ರ ಆಗಸ್ಟ್ 5ರಂದು 'ಮುಘಲ್-ಎ-ಆಜಮ್' ತೆರೆಕಂಡಿತು. ಅಕ್ಬರನ ಮಗ ಸಲೀಮ ಒಲಿದನೆನ್ನುವ ಅನಾರ್ಕಲಿ ಅಕ್ಬರನಾಮೆಯಲ್ಲಿ ಇಲ್ಲ, ಸಲೀಮ ಮುಂದೆ ಜಹಾಂಗೀರನಾಗಿ ಬರೆದ ಆತ್ಮಕಥನದಲ್ಲೂ ಇಲ್ಲ. ಇಂಗ್ಲಿಷ್ ಪ್ರವಾಸಿಗರ ಟಿಪ್ಪಣಿ, ಲಾಹೋರಿನ ಒಂದು ಗೋರಿ, ಆಮೇಲೆ ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕ. ಅವಳು ಬೆಳೆದದ್ದು ಹೀಗೆ. ಗೋಡೆಯಲ್ಲಿ ಜೀವಂತ ಸಮಾಧಿಯಾಗುವುದೇ ಅವಳ ಗುರುತಾಗಿತ್ತು. ಆದರೆ ಈ ಚಿತ್ರದ ಅಕ್ಬರ್ ಗೋಡೆ ಮೇಲೇರಿದ ಮೇಲೆ ಸುರಂಗದ ಬಾಗಿಲು ತೆರೆಸುತ್ತಾನೆ. ಹಿಂದೆಂದೋ ಅವಳ ತಾಯಿಗೆ ಕೊಟ್ಟ ಮಾತು ಅವನನ್ನು ಕಟ್ಟಿಹಾಕಿದೆ. ಸಲೀಮನಿಗೆ ಇದು ಎಂದೂ ತಿಳಿಯಕೂಡದು ಎಂಬ ಷರತ್ತಿನ ಮೇಲೆ ತಾಯಿ, ಮಗಳು ಕತ್ತಲೆಯಲ್ಲಿ ನಡೆದುಹೋಗುತ್ತಾರೆ. ಜೀವ ಉಳಿಯಿತು, ಪ್ರೇಮ ಹೋಯಿತು. ಚಕ್ರವರ್ತಿಯ ನ್ಯಾಯಕ್ಕೂ ಕಳಂಕವಿಲ್ಲ. ಎಲ್ಲರಿಗೂ ಒಂದೊಂದು ತುತ್ತು ಹಂಚಿದ ಕೊನೆ ಇದು. ನಮ್ಮ ಮನೆಯ ಹಿರಿಯರೊಬ್ಬರು ಆಗ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಆ ಚಿತ್ರ ನೋಡಿದ್ದ ಅವರು ಒಂದೇ ಮಾತು ಹೇಳುತ್ತಿದ್ದರು: 'ಬದುಕಿದಳಲ್ಲ, ಅಷ್ಟು ಸಾಕು. ಆದರೆ ಎಲ್ಲಿಗೆ ಹೋದಳು?'

ಎಲ್ಲಿಗೆ ಹೋದಳು ಎಂಬುದನ್ನು ಬಲ್ಲ ಕಥೆಯೊಂದು ಮುಂಬಯಿಯಿಂದ ಅರ್ಧ ದಿನದ ಹಾದಿಯಲ್ಲಿದೆ. ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಪಾಬಳದಲ್ಲಿ ಮಸ್ತಾನಿ ಮಲಗಿದ್ದಾಳೆ. ಅದನ್ನು ಒಬ್ಬರು ಸಮಾಧಿ ಎನ್ನುತ್ತಾರೆ, ಇನ್ನೊಬ್ಬರು ಮಜಾರ್ ಎನ್ನುತ್ತಾರೆ. ಬುಂದೇಲಖಂಡದ ರಾಜ ಛತ್ರಸಾಲನ ನೆರವಿಗೆ ಧಾವಿಸಿದ ಮರಾಠರ ಪೇಶ್ವೆ ಬಾಜೀರಾಯನ ಬದುಕಿಗೆ ಅವಳು ಬಂದದ್ದು 1729ರ ಆಸುಪಾಸಿನಲ್ಲಿ. ಪುಣೆಯ ಕರ್ಮಠರೂ ಪೇಶ್ವೆ ಮನೆಯವರೂ ಅವಳನ್ನು ಒಪ್ಪಲಿಲ್ಲ, ಕೊನೆಗೆ ಸೆರೆಯಲ್ಲಿಟ್ಟರು. 1740ರ ಏಪ್ರಿಲ್ 28ರಂದು ನರ್ಮದೆಯ ದಂಡೆಯ ರಾವೇರಖೇಡಿಯಲ್ಲಿ ಬಾಜೀರಾಯ ಜ್ವರದಿಂದ ತೀರಿಕೊಂಡ. ಸ್ವಲ್ಪದರಲ್ಲೇ ಅವಳೂ ಹೋದಳು. ವಿಷ ಕುಡಿದಳೆಂದು ಕೆಲವರು, ಎದೆಯೊಡೆದು ಎಂದು ಕೆಲವರು. ಹೇಗೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹಾಗಾಗಿಯೇ ಕಥೆಗಾರರೆಲ್ಲ ಇಲ್ಲಿ ಪರದೆ ಎಳೆಯುತ್ತಾರೆ.

ನಾನು ಆ ಕಲ್ಲಿನ ಮುಂದೆ ನಿಂತಾಗ ನೆನಪಾದದ್ದು ನಡುವಿನ ಹತ್ತು ವರ್ಷ. ಅವರಿಬ್ಬರೂ ಜತೆಗಿದ್ದರು. ಶನಿವಾರವಾಡೆಯಲ್ಲಿ ಅವಳ ಹೆಸರಿನ ಬಾಗಿಲಿತ್ತು. ಮಗ ಹುಟ್ಟಿದ. ಉಪನಯನಕ್ಕೆ ಪುರೋಹಿತರು ಒಪ್ಪದೆ ಹೋದರೂ ಶಂಷೇರ್ ಬಹಾದುರನಾಗಿ ಪೇಶ್ವೆ ಮನೆತನದಲ್ಲೇ ಬೆಳೆದ. 1761ರಲ್ಲಿ ಪಾಣಿಪತ್ತಿನಲ್ಲಿ ಮರಾಠರ ಪರವಾಗಿ ಕಾದಿ, ಆ ಗಾಯಗಳಿಂದ ಸತ್ತ. ಅವನ ಮಗ ಅಲಿ ಬಹಾದುರ ಬುಂದೇಲಖಂಡಕ್ಕೆ ಮರಳಿದ. ಬಾಂದಾದ ನವಾಬರ ವಂಶ ಅಲ್ಲಿಂದ ಮುಂದುವರಿದು, 1857ರಲ್ಲಿ ಕಂಪೆನಿಯ ವಿರುದ್ಧ ಎದ್ದಿತು. ಅಜ್ಜಿ ಬಂದ ನೆಲಕ್ಕೇ ಮೊಮ್ಮಗ ಒಡೆಯನಾಗಿ ಹೋದ ಈ ಭಾಗ ಪುಸ್ತಕಗಳಲ್ಲಿ ಹೆಚ್ಚೆಂದರೆ ಅಡಿಟಿಪ್ಪಣಿ. 1740ರಲ್ಲಿ ನಿಲ್ಲಿಸಿದರೆ ದುರಂತ, ಇನ್ನಷ್ಟು ಮುಂದೆ ಹೋದರೆ ಬೇರೆಯೇ ಕಾದಂಬರಿ. ಎರಡೂ ಚರಿತ್ರೆಯೇ.

ನಮ್ಮ ಕಲ್ಯಾಣದ ವಿಷಯದಲ್ಲಿ ನನ್ನ ಕೊರಗು ಇನ್ನೂ ದೊಡ್ಡದು. ಹನ್ನೆರಡನೆಯ ಶತಮಾನದಲ್ಲಿ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆಯಾಯಿತು. ಅದಕ್ಕಾಗಿ ಅಪ್ಪಂದಿರ ಕಣ್ಣು ಕೀಳಿಸಿ, ಎಳೆಹೂಟೆ ಕಟ್ಟಿಸಿ, ಎಳೆಸಿ ಕೊಲ್ಲಿಸಿದರು ಎನ್ನುತ್ತದೆ ಶರಣ ಪರಂಪರೆ. ಬಿಜ್ಜಳ ಕೊಲೆಯಾದ, ಶರಣರು ಚದುರಿದರು. ನಾಟಕಗಳು, ಕಾದಂಬರಿಗಳು ಎಷ್ಟೋ ಬಂದಿವೆ. ಬೆಳಕೆಲ್ಲ ಅಪ್ಪಂದಿರ ಮೇಲೆ, ಬಸವಣ್ಣನ ಮೇಲೆ, ಬಿಜ್ಜಳನ ಮೇಲೆ. ಆ ಹುಡುಗ, ಆ ಹುಡುಗಿ ಮದುವೆಯ ರಾತ್ರಿ ಏನು ಮಾತಾಡಿಕೊಂಡಿರಬಹುದು? ಸಾವಿನಲ್ಲಿ ಕೊನೆಗೊಂಡದ್ದರಿಂದಲೇ ಆ ಮದುವೆ ನಮಗೆ ದೊಡ್ಡದಾಯಿತು, ಮದುಮಕ್ಕಳು ಚಿಕ್ಕವರಾದರು.

ಈ ಕೊರಗನ್ನು ತಣಿಸುವ ಪುಸ್ತಕವೆಂದರೆ ನನಗೆ 'ಮಲೆಗಳಲ್ಲಿ ಮದುಮಗಳು' (1967). ಕುವೆಂಪು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಹಿಡಿದಿಟ್ಟ ಆ ಕಾದಂಬರಿಯಲ್ಲಿ ಜೀತದಾಳು ಗುತ್ತಿ ತನ್ನ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಅವಳನ್ನು ಬೇರೊಬ್ಬನಿಗೆ ಕೊಡಬೇಕೆಂಬುದು ಒಡೆಯರ ತೀರ್ಮಾನ. ಜೀತದಾಳುಗಳ ಪ್ರೇಮ ಒಡೆಯರ ಲೆಕ್ಕದ ಪುಸ್ತಕಕ್ಕೆ ಒಳಪಟ್ಟಿದ್ದ ಕಾಲವದು. ದುರಂತ ಬರೆಯಲು ಇದಕ್ಕಿಂತ ಹದವಾದ ನೆಲ ಇನ್ನೆಲ್ಲಿ? ಕುವೆಂಪು ಅವರಿಬ್ಬರನ್ನೂ ಬದುಕಿಸುತ್ತಾರೆ. ತುಂಬಿದ ತುಂಗೆಯ ಪಾಲಾಗುವುದು ಗುತ್ತಿಯ ನಾಯಿ ಹುಲಿಯ. ಬದುಕಿ ಉಳಿಯುವುದಕ್ಕೂ ಬೆಲೆಯಿದೆ ಎಂದು ಹೇಳಲು ಅವರಿಗೆ ಪ್ರೇಮಿಗಳ ಹೆಣ ಬೇಕಾಗಲಿಲ್ಲ. ಹುಲಿಯನಿಗಾಗಿ ನಾನು ಅತ್ತಷ್ಟು ಯಾವ ರಾಜಕುಮಾರಿಗಾಗಿಯೂ ಅತ್ತಿಲ್ಲ.

ಓಡಿಹೋದವರು ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲಿ ಬಹುಕಾಲ ಒಂದೇ ಉತ್ತರವಿತ್ತು: 'ಬೊಂಬಾಯಿಗೆ.' ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಹಡಗಿನಲ್ಲಿ, ಬಸ್ಸಿನಲ್ಲಿ ಬಂದರು. ಊರಿನ ಕಥೆಯಲ್ಲಿ 'ಬೊಂಬಾಯಿಗೆ ಓಡಿದರು' ಎಂಬುದು ಕೊನೆಯ ವಾಕ್ಯ. ಇಲ್ಲಿನ ಚಾಳಿನಲ್ಲಿ ಅದು ಮೊದಲನೆಯದು.

ಕಾನೂನು ಅವರಿಗೆ ಮೆಲ್ಲಗೆ ಬಾಗಿಲು ತೆರೆಯಿತು. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ತಾನು ಹಿಂದೂವಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ ಎಂದು ಘೋಷಿಸಬೇಕಿತ್ತು. ಪ್ರೀತಿಸಿದ ತಪ್ಪಿಗೆ ದೇವರನ್ನು ಬಿಡಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರನ್ನು ಅದರಿಂದ ಬಿಡಿಸಿತು. ಹಿಂದೂಗಳ ಅಂತರ್ಜಾತಿ ಮದುವೆ ಜಾತಿಯ ಕಾರಣಕ್ಕೆ ಅಸಿಂಧುವಾಗದು ಎಂದು 1949ರ ಕಾಯ್ದೆ ಸ್ಪಷ್ಟಪಡಿಸಿತು, ಅದಕ್ಕೂ ಮೊದಲೇ ಆಗಿದ್ದ ಮದುವೆಗಳಿಗೂ ಅನ್ವಯಿಸಿತು. 1954ರಲ್ಲಿ ಎಲ್ಲ ಮತದವರಿಗೂ ಹೊಸ ವಿಶೇಷ ವಿವಾಹ ಕಾಯ್ದೆ ಬಂತು. ಗತಕಾಲದ ಪ್ರೇಮಿಗಳನ್ನು ಬರೆಯುವವರು ಈ ನಾಲ್ಕು ಇಸವಿಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. 1930ರ ಮುಂಬಯಿಯ ಬ್ರಾಹ್ಮಣ ಹುಡುಗಿ, ಮೊಗವೀರ ಹುಡುಗ ರೈಲಿನಡಿ ಬೀಳಲೇಬೇಕೆಂದು ಚರಿತ್ರೆ ಹೇಳುವುದಿಲ್ಲ. ಕಷ್ಟ ಅಪಾರವಿತ್ತು, ಕಚೇರಿಯ ಬಾಗಿಲೂ ಇತ್ತು.

1954ರ ಕಾಯ್ದೆಯಲ್ಲಿ ಮೂವತ್ತು ದಿನದ ನೋಟಿಸ್ ಇದೆ. ಯಾರಾದರೂ ಆಕ್ಷೇಪಿಸುವುದಿದ್ದರೆ ಅಷ್ಟರೊಳಗೆ ಆಕ್ಷೇಪಿಸಬೇಕು. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿರುವ ಅಜ್ಜಿ ಆ ಮೂವತ್ತು ದಿನಗಳನ್ನು ದಾಟಿ ಬಂದವರು. ಉಡುಪಿ ಕಡೆಯವರು, ಬೇರೆ ಜಾತಿಯ ಗಿರಣಿ ಕೆಲಸಗಾರನ ಹಿಂದೆ ಅರುವತ್ತರ ದಶಕದಲ್ಲಿ ಬಂದರು. ಆ ಒಂದು ತಿಂಗಳು ಗಂಡ ಪರೇಲಿನ ಗೆಳೆಯರ ಖೋಲಿಯಲ್ಲಿ, ಇವರು ಪರಿಚಯದ ನರ್ಸೊಬ್ಬರ ಮನೆಯಲ್ಲಿ. ಊರಿನಿಂದ ಅಣ್ಣಂದಿರು ಬಂದಾರೆಂದು ಇವರು ಬೀದಿಯ ಕಡೆಯ ಕಿಟಕಿ ತೆರೆಯಲೇ ಇಲ್ಲವಂತೆ. ಯಾರೂ ಬರಲಿಲ್ಲ. ಬರದೆ ಇದ್ದದ್ದೂ ನೋವೇ ಎಂದರು, ನಿಧಾನವಾಗಿ.

ಆ ಹರಿದ ಕಾದಂಬರಿಯನ್ನು ಅವರಿಗೂ ಓದಲು ಕೊಟ್ಟಿದ್ದೆ. ವಾರದ ಮೇಲೆ ಹಿಂತಿರುಗಿಸಿದರು. ರಾಜಕುಮಾರಿಯ ಬಗ್ಗೆ ಏನೂ ಹೇಳಲಿಲ್ಲ. ಸಹಿ ಹಾಕಿ ಹೊರಬಂದ ದಿನ ಏನು ಮಾಡಿದಿರಿ ಎಂದು ನಾನೇ ಕೇಳಿದೆ. ಸ್ಟೋವ್ ಕೊಳ್ಳಲು ಲಾಲ್‌ಬಾಗಿಗೆ ಹೋದೆವು ಎಂದರು. ಅವರಿಗೆ ಬತ್ತಿಯದು ಬೇಕಿತ್ತು, ಗಂಡನಿಗೆ ಪಂಪಿನದು. ಅಂಗಡಿಯವನ ಎದುರಿಗೇ ಮೊದಲ ಜಗಳವಾಯಿತಂತೆ. ಪಂಪಿನದನ್ನೇ ತಂದರು. ಹನ್ನೊಂದು ವರ್ಷ ಬಾಳಿಕೆ ಬಂತು.